ಜರ್ಮನಿಯ ಮೊದಲ ಮನೆಗೆ ಯಾವ ಇಂಟರ್ನೆಟ್, ಯಾವ ಟಿವಿ?

ಜರ್ಮನಿಗೆ ಹೊಸದಾಗಿ ಬಂದವರು ಮೊದಲು ಕೇಳುವುದು "ಇಲ್ಲಿ ಯಾವ ಕಂಪನಿ ಫಾಸ್ಟ್?" ಅಂತ. ನನ್ನನ್ನು ಕೇಳಿದರೆ ನಾನು ತಿರುಗಿ ಕೇಳುವುದು, ಈ ಮನೆಯಲ್ಲಿ ಎಷ್ಟು ದಿನ ಇರುತ್ತೀರಿ ಅಂತ. ಅದಕ್ಕೆ ಉತ್ತರ ಗೊತ್ತಾಗದೆ ಪ್ಲಾನ್ ಹುಡುಕುವುದು ವ್ಯರ್ಥ.

ಕಾರಣ ಇದೆ. ಇಲ್ಲಿ ಹೆಚ್ಚಿನವರ ಮೊದಲ ಮನೆ ತಾತ್ಕಾಲಿಕ. ಕಂಪನಿ ಕೊಡಿಸಿದ ಮನೆ, ಇಲ್ಲವೇ ಯಾರೋ ಒಂದು ವರ್ಷಕ್ಕೆ ಬಿಟ್ಟುಕೊಟ್ಟ ಮನೆ, ಇಲ್ಲವೇ ಸಿಕ್ಕಿದ್ದೇ ಸಾಕು ಅಂತ ಹಿಡಿದ ಮನೆ. ಮಕ್ಕಳ ಸ್ಕೂಲು, ಆಫೀಸಿನ ದೂರ, ಬಾಡಿಗೆ ಎಲ್ಲ ಅರ್ಥವಾದ ಮೇಲೆ ಮತ್ತೊಂದು ಕಡೆ ಹೋಗುತ್ತೀರಿ. ಆದರೆ ಇಂಟರ್ನೆಟ್ ಕಾಂಟ್ರಾಕ್ಟ್ ಸಾಮಾನ್ಯವಾಗಿ 24 ತಿಂಗಳಿನದು. ರಿಚಾರ್ಜ್ ಮುಗಿಯಿತು, ಇನ್ನು ಬೇಡ ಅಂತ ಸುಮ್ನೆ ಬಿಟ್ಟುಬಿಡುವ ಅಭ್ಯಾಸದಲ್ಲಿ ಬೆಳೆದ ನಮಗೆ ಇದು ತಲೆಗೆ ಹೋಗುವುದೇ ತಡವಾಗಿ. ಹಾಗಾಗಿ ಮೊದಲ ಮನೆಯ ಮಟ್ಟಿಗೆ ನಾನು ಹೋಲಿಸುವುದು ಸ್ಪೀಡನ್ನಲ್ಲ, ಬಿಟ್ಟು ಹೊರಡುವುದು ಎಷ್ಟು ಸುಲಭ ಎನ್ನುವುದನ್ನು.

ಕಾಂಟ್ರಾಕ್ಟಿನ ಅವಧಿ

ಹತ್ತು ವರ್ಷದ ಹಿಂದೆ ಬಂದವರ ಸಲಹೆ ಇಲ್ಲಿ ಸ್ವಲ್ಪ ಹಳೆಯದಾಗಿದೆ. ಆಗ ಸರಿಯಾದ ಸಮಯಕ್ಕೆ ಬಿಡುತ್ತೇನೆ ಅಂತ ಬರೆದು ಕಳಿಸದಿದ್ದರೆ ಕಾಂಟ್ರಾಕ್ಟ್ ತಾನಾಗಿಯೇ ಇನ್ನೊಂದು ವರ್ಷ ಮುಂದುವರಿಯುತ್ತಿತ್ತು. 2021ರ ಡಿಸೆಂಬರ್ 1ರಿಂದ ಹೊಸ ಟೆಲಿಕಾಂ ಕಾನೂನು ಬಂದಿದೆ. ಮೊದಲ ಅವಧಿ 24 ತಿಂಗಳು ಮೀರುವಂತಿಲ್ಲ. ಅದು ಮುಗಿದ ಮೇಲೆ ಒಂದು ತಿಂಗಳ ನೋಟಿಸ್ ಕೊಟ್ಟು ಯಾವಾಗ ಬೇಕಾದರೂ ಬಿಡಬಹುದು. ಜೊತೆಗೆ ಪ್ರತಿ ಕಂಪನಿಯೂ ಹೆಚ್ಚೆಂದರೆ 12 ತಿಂಗಳ ಒಂದು ಕಾಂಟ್ರಾಕ್ಟನ್ನು ಕೊಡಲೇಬೇಕು. ಅದನ್ನು ಅವರು ಜಾಹೀರಾತಿನಲ್ಲಿ ದೊಡ್ಡದಾಗಿ ಹಾಕುವುದಿಲ್ಲ, ನೀವೇ ಕೇಳಬೇಕು. ಕೆಲವು ಕಂಪನಿಗಳು ಅವಧಿಯೇ ಇಲ್ಲದ ಪ್ಲಾನನ್ನೂ ಮಾರುತ್ತವೆ. ಅದರಲ್ಲಿ ಶುರುವಿನ ಫೀ ಜಾಸ್ತಿ, ಆಫರ್ ಕಡಿಮೆ.

ಒಂದು ಲೆಕ್ಕ ನೋಡೋಣ. ಇವು ಲೆಕ್ಕಕ್ಕೆ ಹಿಡಿದ ಅಂಕಿಗಳು, ಯಾವ ಕಂಪನಿಯ ದರವೂ ಅಲ್ಲ. ಮೊದಲ ಪ್ಲಾನ್ 24 ತಿಂಗಳಿನದು: ಆರು ತಿಂಗಳು 20 ಯೂರೊ, ಆಮೇಲೆ 45. ಎರಡು ವರ್ಷಕ್ಕೆ 930 ಯೂರೊ. ಎರಡನೆಯದರಲ್ಲಿ ಅವಧಿ ಇಲ್ಲ: ತಿಂಗಳಿಗೆ 37, ಶುರುವಿಗೆ ಒಮ್ಮೆ 70. ಎರಡು ವರ್ಷಕ್ಕೆ 958. ವ್ಯತ್ಯಾಸ 28 ಯೂರೊ ಅಷ್ಟೇ. ಈಗ ಹತ್ತನೇ ತಿಂಗಳಿಗೆ ನೀವು ಆಗಲೇ ಇಂಟರ್ನೆಟ್ ಇರುವ ಗೆಳೆಯರ ಮನೆಗೆ ಹೋಗಿ ಸೇರಿಕೊಂಡಿರಿ ಅನ್ನಿ. ಎರಡನೆಯದರಲ್ಲಿ 440ಕ್ಕೆ ಲೆಕ್ಕ ಚುಕ್ತಾ. ಮೊದಲನೆಯದರಲ್ಲಿ ಬಳಸದ ಕನೆಕ್ಷನ್ನಿಗೆ ಇನ್ನೂ 14 ತಿಂಗಳು, ಅಂದರೆ 630 ಯೂರೊ ಕಟ್ಟುತ್ತಾ ಕೂರಬೇಕು.

ಮನೆ ಬದಲಿಸಿದರೆ ಬಿಡಬಹುದಲ್ಲವಾ ಅಂತ ಕೇಳುತ್ತಾರೆ. ಅರ್ಧ ನಿಜ. ಹೊಸ ವಿಳಾಸದಲ್ಲಿ ಅದೇ ಕಂಪನಿ ಅದೇ ಸೇವೆ ಕೊಡಬಲ್ಲದಾದರೆ ಕಾಂಟ್ರಾಕ್ಟ್ ನಿಮ್ಮ ಜೊತೆಗೇ ಬರುತ್ತದೆ, ಉಳಿದ ಅವಧಿ ಹಾಗೆಯೇ ಇರುತ್ತದೆ. ಕೊಡಲಾಗದಿದ್ದರೆ ಮಾತ್ರ ಒಂದು ತಿಂಗಳ ನೋಟಿಸಿನಲ್ಲಿ ಹೊರಬರಬಹುದು. ಇದರಿಂದ ಒಂದು ತಮಾಷೆಯ ಫಲ ಇದೆ. ಮ್ಯೂನಿಕ್ಕಿನ ಎಂ-ನೆಟ್, ಕಲೋನಿನ ನೆಟ್‌ಕಲೋನ್ ಥರದ ಸ್ಥಳೀಯ ಕಂಪನಿಗಳನ್ನು ನಮ್ಮವರು ಚಿಕ್ಕವು ಅಂತ ಬಿಟ್ಟುಬಿಡುತ್ತಾರೆ. ಆದರೆ ಮುಂದಿನ ವರ್ಷ ಬೇರೆ ಊರಿಗೆ ವರ್ಗವಾಗುವ ಸಾಧ್ಯತೆ ಇದ್ದವರಿಗೆ ಅವೇ ಸಲೀಸು. ಆ ಊರಿನಲ್ಲಿ ಅವರ ತಂತಿ ಇರುವುದಿಲ್ಲ, ಹಾಗಾಗಿ ಬಿಟ್ಟುಹೋಗುವ ಹಕ್ಕು ನಿಮ್ಮದು. ದೇಶವಿಡೀ ಹರಡಿರುವ ಕಂಪನಿಯಲ್ಲಿ ಸೇವೆ ನಿಮ್ಮ ಹಿಂದೆಯೇ ಬರುತ್ತದೆ. ಅದು ಬೇಕೋ ಬೇಡವೋ ನಿಮ್ಮ ಪರಿಸ್ಥಿತಿ ನೋಡಿಕೊಂಡು ಹೇಳಬೇಕು.

ಮನೆಗೆ ಬಂದಿರುವ ತಂತಿ ಯಾವುದು?

ಇದು ಕಂಪನಿಯ ಪ್ರಶ್ನೆ ಅಲ್ಲ, ಗೋಡೆಯ ಪ್ರಶ್ನೆ. ಕಂಪನಿಯ ವೆಬ್‌ಸೈಟಿನಲ್ಲಿ ರಸ್ತೆ, ಮನೆ ನಂಬರ್ ಹಾಕಿದರೆ ಏನು ಸಿಗುತ್ತದೆ ಅಂತ ತೋರಿಸುತ್ತದೆ. ಚೆಕ್24, ವೆರಿವೋಕ್ಸ್ ಥರದ ಹೋಲಿಕೆ ಸೈಟುಗಳಲ್ಲೂ ಇದನ್ನು ನೋಡಬಹುದು. ಒಂದೇ ಬೀದಿಯ 12ನೇ ನಂಬರಿಗೂ 14ಕ್ಕೂ ವ್ಯತ್ಯಾಸ ಇರಬಹುದು, ಹಾಗಾಗಿ ಪಕ್ಕದ ಮನೆಯವರ ಅನುಭವವನ್ನೇ ನಂಬಿ ಸಹಿ ಮಾಡಬೇಡಿ.

ಡಿಎಸ್‌ಎಲ್ ಅಂದರೆ ಹಳೆಯ ಫೋನಿನ ತಾಮ್ರದ ತಂತಿ. ಇದು ಹೆಚ್ಚುಕಮ್ಮಿ ಎಲ್ಲ ಕಡೆ ಇದೆ. ಬೀದಿಯ ಬದಿಯಲ್ಲಿರುವ ಬೂದು ಪೆಟ್ಟಿಗೆಯಿಂದ ನಿಮ್ಮ ಮನೆ ದೂರವಾದಷ್ಟೂ ಸ್ಪೀಡ್ ಇಳಿಯುತ್ತದೆ. ಹತ್ತಿರ ಇದ್ದರೆ ಡೌನ್‌ಲೋಡ್ 250, ಅಪ್‌ಲೋಡ್ 40 ಎಂಬಿಪಿಎಸ್‌ವರೆಗೆ ಸಿಗಬಹುದು. ಹೊಸಬರಿಗೆ ಗೊತ್ತಿಲ್ಲದ ಸಂಗತಿ ಏನೆಂದರೆ, ಹೆಚ್ಚಿನ ಮನೆಗಳಲ್ಲಿ ಈ ತಂತಿ ಡಾಯ್ಚೆ ಟೆಲಿಕಾಂನದು. 1&1, ಓ2, ವೊಡಾಫೋನ್ ಅದನ್ನೇ ಬಾಡಿಗೆಗೆ ಪಡೆದು ಡಿಎಸ್‌ಎಲ್ ಮಾರುತ್ತವೆ. ಆದ್ದರಿಂದ ಒಬ್ಬರ ಹತ್ತಿರ 60 ಮಾತ್ರ ಬರುವ ಮನೆಯಲ್ಲಿ ಇನ್ನೊಬ್ಬರ ಹತ್ತಿರ 200 ಬರುವುದಿಲ್ಲ. ಇಲ್ಲಿ ಹೋಲಿಸಬೇಕಾದ್ದು ಬೆಲೆ ಮತ್ತು ಸಹಾಯವಾಣಿ ಎರಡನ್ನೇ. ತಂತಿಯಲ್ಲಿ ತೊಂದರೆ ಬಂದಾಗ ಉಳಿದವರು ಟೆಲಿಕಾಂಗೆ ಹೇಳಿ ಅವರ ಟೆಕ್ನಿಷಿಯನ್ ಕರೆಸಬೇಕಾಗುತ್ತದೆ. ತಿಂಗಳಿಗೆ ಐದು ಯೂರೊ ಉಳಿತಾಯಕ್ಕೆ ಅಷ್ಟು ತಾಳ್ಮೆ ಇದೆಯೇ ಅಂತ ಯೋಚಿಸಿ.

ಕೇಬಲ್ ಅಂದರೆ ಟಿವಿ ಕೇಬಲ್ಲಿನಲ್ಲೇ ಇಂಟರ್ನೆಟ್. ಇಲ್ಲಿ ಬಹುಪಾಲು ವೊಡಾಫೋನ್‌ನದೇ ರಾಜ್ಯ. 2013ರಲ್ಲಿ ಕಾಬೆಲ್ ಡಾಯ್ಚ್‌ಲಾಂಡ್, 2019ರಲ್ಲಿ ಯೂನಿಟಿಮೀಡಿಯಾ ಎರಡನ್ನೂ ಅದು ಕೊಂಡುಕೊಂಡಿತು. ಕಾಗದದ ಮೇಲೆ ಇದು 1000 ಎಂಬಿಪಿಎಸ್. ಆದರೆ ಅಪ್‌ಲೋಡ್ 50ರ ಆಸುಪಾಸಿಗೇ ನಿಲ್ಲುತ್ತದೆ, ಮತ್ತು ಬೀದಿಯವರೆಲ್ಲ ಒಂದೇ ಸಾಮರ್ಥ್ಯವನ್ನು ಹಂಚಿಕೊಳ್ಳುತ್ತಾರೆ. ಸಂಜೆ ಎಂಟರ ಮೇಲೆ ಎಲ್ಲರೂ ಸಿನಿಮಾ ಹಚ್ಚಿದಾಗ ಕೆಲವು ಕಟ್ಟಡಗಳಲ್ಲಿ ವೇಗ ತುಂಬಾ ಇಳಿಯುತ್ತದೆ, ಕೆಲವು ಕಡೆ ಏನೂ ಗೊತ್ತಾಗುವುದಿಲ್ಲ. ಅದೇ ಕಟ್ಟಡದಲ್ಲಿ ಕೇಬಲ್ ಇಂಟರ್ನೆಟ್ ಇಟ್ಟುಕೊಂಡವರನ್ನು ಲಿಫ್ಟಿನಲ್ಲಿ ಕಂಡಾಗ ರಾತ್ರಿ ಹೇಗಿರುತ್ತದೆ ಅಂತ ಕೇಳಿ. ಈ ಒಂದು ವಿಷಯದಲ್ಲಿ ನೆರೆಯವರ ಮಾತಿಗೆ ಬೆಲೆ ಇದೆ.

ಗ್ಲಾಸ್‌ಫಾಸರ್, ಅಂದರೆ ಫೈಬರ್, ಮನೆಯೊಳಗೇ ಬಂದಿದ್ದರೆ ಬೇರೆ ಯಾವುದನ್ನೂ ನೋಡಬೇಡಿ. ಅಪ್‌ಲೋಡ್ ಚೆನ್ನಾಗಿರುತ್ತದೆ, ಸಂಜೆ ಹೊತ್ತು ತಗ್ಗುವ ಕಾಟ ಇಲ್ಲ. ಆದರೆ "ನಿಮ್ಮ ಬೀದಿಗೆ ಫೈಬರ್ ಬರುತ್ತಿದೆ" ಅಂತ ಬಾಗಿಲಿಗೆ ಬಂದು ಹೇಳುವವರಿದ್ದಾರೆ. ಬರುತ್ತಿದೆ ಬೇರೆ, ಬಂದಿದೆ ಬೇರೆ. ರಸ್ತೆ ಅಗೆಯಬೇಕು, ಓನರ್ ಒಪ್ಪಬೇಕು, ನೆಲಮಾಳಿಗೆಯಿಂದ ನಿಮ್ಮ ಮಹಡಿಯವರೆಗೆ ತಂತಿ ಎಳೆಯಬೇಕು. ಇದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಒಂದು ವರ್ಷದಲ್ಲಿ ಬಿಡುವ ಬಾಡಿಗೆ ಮನೆಯವರಿಗೆ ಇದು ಬೇಡವೇ ಬೇಡ. ಬಾಗಿಲಲ್ಲಿ ನಿಂತವರ ಒತ್ತಾಯಕ್ಕೆ ಸಹಿ ಹಾಕಿಬಿಟ್ಟಿದ್ದರೆ 14 ದಿನದೊಳಗೆ ಕಾರಣ ಹೇಳದೆ ಹಿಂತೆಗೆದುಕೊಳ್ಳಬಹುದು. ಆನ್‌ಲೈನ್ ಅಥವಾ ಫೋನಿನಲ್ಲಿ ಮಾಡಿದ ಕಾಂಟ್ರಾಕ್ಟಿಗೂ ಇದೇ ಹಕ್ಕು ಇದೆ.

ನಾಲ್ಕನೆಯದು ಸಿಮ್ ಹಾಕುವ ರೂಟರ್. ಪ್ಲಗ್ಗಿಗೆ ಚುಚ್ಚಿದರೆ ವೈಫೈ ಬರುತ್ತದೆ. ಟೆಕ್ನಿಷಿಯನ್ ಬೇಡ, ಓನರ್ ಬೇಡ. ಆರು ತಿಂಗಳ ಮನೆಗೆ ಇದಕ್ಕಿಂತ ಒಳ್ಳೆಯದು ಇಲ್ಲ ಅಂತ ನನ್ನ ಅಭಿಪ್ರಾಯ. ಎರಡು ವಿಷಯ ನೋಡಿಕೊಳ್ಳಿ. ಒಂದು, ಡೇಟಾಗೆ ಮಿತಿ ಇದೆಯೇ? ಇನ್ನೊಂದು, ರೂಟರನ್ನು ಬೇರೆ ವಿಳಾಸದಲ್ಲಿ ಬಳಸಲು ಬಿಡುತ್ತಾರೆಯೇ? ಕೆಲವು ಪ್ಲಾನ್‌ಗಳು ಒಂದೇ ವಿಳಾಸಕ್ಕೆ ಕಟ್ಟುಬಿದ್ದಿರುತ್ತವೆ. ದಪ್ಪ ಗೋಡೆಯ ಹಳೆಯ ಕಟ್ಟಡದಲ್ಲಿ ಅದನ್ನು ಕಿಟಕಿಯ ಹತ್ತಿರ ಇಡಿ.

ಎಷ್ಟು ಸ್ಪೀಡ್ ಸಾಕು

ಕಂಪನಿಗಳು ಹೇಳಿದಷ್ಟು ಬೇಡ. 4ಕೆ ಸಿನಿಮಾಗೆ ನೆಟ್‌ಫ್ಲಿಕ್ಸ್ ಹೇಳುವುದು 15 ಎಂಬಿಪಿಎಸ್, ಫುಲ್ ಎಚ್‌ಡಿಗೆ 5. ಇಬ್ಬರೇ ಇರುವ ಮನೆಗೆ 50 ಧಾರಾಳ, ಮಕ್ಕಳಿರುವ ಮನೆಗೆ 100. ಮನೆಯಿಂದ ಕೆಲಸ ಮಾಡುವವರು ಡೌನ್‌ಲೋಡ್‌ಗಿಂತ ಅಪ್‌ಲೋಡ್ ನೋಡಬೇಕು. ವಿಡಿಯೋ ಮೀಟಿಂಗಿನಲ್ಲಿ ನಿಮ್ಮ ಮುಖ ಆ ಕಡೆಯವರಿಗೆ ಹೋಗುವುದು ಅದರಲ್ಲೇ. ಊರಿನ ಅಮ್ಮನ ಜೊತೆಗಿನ ಕಾಲ್ ಕಟ್ ಆಗುತ್ತದೆ ಅಂತ ಗಿಗಾಬಿಟ್ ಹಾಕಿಸುವವರೂ ಇದ್ದಾರೆ. ಆ ತುದಿಯ ವೈಫೈ ಸರಿಯಿಲ್ಲದಿದ್ದರೆ ಈ ತುದಿಯಲ್ಲಿ ಏನು ಹಾಕಿಸಿದರೂ ಅಷ್ಟೇ.

ಹೇಳಿದ ಸ್ಪೀಡ್ ಬರದಿದ್ದರೆ ಸುಮ್ಮನಿರಬೇಡಿ. ಸರ್ಕಾರದ ಬುಂಡೆಸ್‌ನೆಟ್ಸ್‌ಅಗೆಂಟೂರ್ ಸಂಸ್ಥೆಯದೇ ಒಂದು ಅಳತೆಯ ಆ್ಯಪ್ ಇದೆ, ಬ್ರೈಟ್‌ಬಾಂಡ್‌ಮೆಸ್ಸುಂಗ್ ಅಂತ. ರೂಟರಿಗೆ ಲ್ಯಾನ್ ಕೇಬಲ್ ಹಾಕಿ, ಕಂಪ್ಯೂಟರಿನಲ್ಲಿ ಮೂರು ಬೇರೆ ಬೇರೆ ದಿನ ಒಟ್ಟು 30 ಸಲ ಅಳೆಯಬೇಕು. ಸ್ಪೀಡ್ ಕಡಿಮೆ ಎಂದು ಅದರಲ್ಲಿ ಸಾಬೀತಾದರೆ ಬಿಲ್ ಇಳಿಸಿಕೊಳ್ಳಬಹುದು ಅಥವಾ ಕಾಂಟ್ರಾಕ್ಟನ್ನೇ ಬಿಡಬಹುದು. 24 ತಿಂಗಳ ಬೀಗಕ್ಕೆ ಇದು ಇನ್ನೊಂದು ಕೀಲಿ.

ಸಹಿ ಹಾಕುವ ಮುಂಚೆ, ಹಾಕಿದ ಮೇಲೆ

ಹೋಲಿಕೆ ಸೈಟುಗಳು ಮೇಲೆ ತೋರಿಸುವ ಬೆಲೆ 24 ತಿಂಗಳ ಸರಾಸರಿ. ಅದರಲ್ಲಿ ಕ್ಯಾಶ್‌ಬ್ಯಾಕನ್ನೂ ಕಳೆದಿರುತ್ತಾರೆ. ಆ ಕ್ಯಾಶ್‌ಬ್ಯಾಕ್ ಕೆಲವೊಮ್ಮೆ ತಾನಾಗಿ ಬರುವುದಿಲ್ಲ, ನೀವೇ ಅರ್ಜಿ ಹಾಕಬೇಕು, ಅದಕ್ಕೆ ಕೊನೆಯ ದಿನ ಇರುತ್ತದೆ. ನೋಡಬೇಕಾದ್ದು ಆಫರ್ ಮುಗಿದ ಮೇಲಿನ ಬೆಲೆಯನ್ನು. "ಮೊದಲ ತಿಂಗಳು ಉಚಿತ" ಅಂತ ಸೇರಿಸಿರುವ ಟಿವಿ ಪ್ಯಾಕ್, ಆ್ಯಂಟಿವೈರಸ್ ಪ್ಯಾಕ್ ಕಂಡರೆ ಟಿಕ್ ತೆಗೆಯಿರಿ.

ಹೊಸಬರಿಗೆ ಶೂಫಾ ದಾಖಲೆ ಇರುವುದಿಲ್ಲ. ಶೂಫಾ ಅಂದರೆ ನೀವು ಸಾಲ, ಬಿಲ್ ಸರಿಯಾಗಿ ಕಟ್ಟುತ್ತೀರಾ ಅಂತ ಲೆಕ್ಕ ಇಡುವ ಸಂಸ್ಥೆ. ದಾಖಲೆ ಇಲ್ಲದ್ದಕ್ಕೆ ಒಂದು ಕಂಪನಿ ಅರ್ಜಿ ತಿರಸ್ಕರಿಸಿದರೆ ಗಾಬರಿ ಬೇಡ, ಇನ್ನೊಂದರಲ್ಲಿ ಹಾಕಿ. ಬಿಲ್ ಬ್ಯಾಂಕ್ ಖಾತೆಯಿಂದ ತಾನಾಗಿ ಕಡಿತವಾಗುತ್ತದೆ, ಹಾಗಾಗಿ ಖಾತೆ ಮೊದಲು, ಇಂಟರ್ನೆಟ್ ಆಮೇಲೆ.

ಆರ್ಡರ್ ಮಾಡುವಾಗ ಹಿಂದಿನ ಬಾಡಿಗೆದಾರರ ಹೆಸರು ಕೇಳಬಹುದು. ಎಷ್ಟನೇ ಮಹಡಿ, ಎಡವೋ ಬಲವೋ ಮಧ್ಯವೋ ಅಂತಲೂ ಕೇಳುತ್ತಾರೆ. ಕುತೂಹಲಕ್ಕಲ್ಲ, ಇಲ್ಲಿ ಎಷ್ಟೋ ಕಟ್ಟಡಗಳಲ್ಲಿ ಫ್ಲಾಟಿಗೆ ನಂಬರೇ ಇರುವುದಿಲ್ಲ. ಹೆಸರಿನಿಂದಲೇ ಮನೆ ಹುಡುಕುವುದು. ಆದ್ದರಿಂದ ಟೆಕ್ನಿಷಿಯನ್ ಬರುವ ಮುಂಚೆ ಕಾಲಿಂಗ್ ಬೆಲ್ಲಿಗೂ ಲೆಟರ್ ಬಾಕ್ಸಿಗೂ ನಿಮ್ಮ ಹೆಸರು ಅಂಟಿಸಿ. ಅಂಟಿಸಿದರೂ ನಮ್ಮನೆಗೆ ಬರಬೇಕಾದವರು ಒಮ್ಮೆ ಬರಲೇ ಇಲ್ಲ. ಬೆಳಗ್ಗೆ ಎಂಟರಿಂದ ಹನ್ನೆರಡರವರೆಗೆ ಬಾತ್‌ರೂಮಿಗೂ ಹೋಗದೆ ಕಾದಿದ್ದೆ. ಸಂಜೆ "ಗ್ರಾಹಕರು ಮನೆಯಲ್ಲಿ ಇರಲಿಲ್ಲ" ಅಂತ ಮೆಸೇಜ್! ಆಮೇಲೆ ತಿಳಿದದ್ದು: ಕಂಪನಿ ಕೊಟ್ಟ ಹೊತ್ತಿಗೆ ಟೆಕ್ನಿಷಿಯನ್ ಬರದಿದ್ದರೆ ಹತ್ತು ಯೂರೊ ಅಥವಾ ತಿಂಗಳ ಬಿಲ್ಲಿನ 20 ಶೇಕಡಾ, ಯಾವುದು ಜಾಸ್ತಿಯೋ ಅದನ್ನು ಪರಿಹಾರವಾಗಿ ಕೇಳಬಹುದು. ಕೇಳಿದವರಿಗೆ ಮಾತ್ರ ಸಿಗುತ್ತದೆ.

ರೂಟರ್ ವಿಷಯ ಚಿಕ್ಕದು. 2016ರ ಆಗಸ್ಟ್‌ನಿಂದ ಇಲ್ಲಿ ನಿಮ್ಮದೇ ರೂಟರ್ ಹಾಕಿಕೊಳ್ಳುವ ಹಕ್ಕಿದೆ. ಫ್ರಿಟ್ಸ್‌ಬಾಕ್ಸ್ ತೆಗೆದುಕೊಳ್ಳಿ ಅಂತ ಎಲ್ಲರೂ ಹೇಳುತ್ತಾರೆ, ಒಳ್ಳೆಯದೇ. ಆದರೆ ಡಿಎಸ್‌ಎಲ್‌ಗೆ ಒಂದು ಮಾದರಿ, ಕೇಬಲ್ಲಿಗೆ ಇನ್ನೊಂದು, ಫೈಬರಿಗೆ ಮತ್ತೊಂದು. ಮುಂದಿನ ಮನೆಯಲ್ಲಿ ಯಾವ ತಂತಿ ಇರುತ್ತದೋ ಯಾರಿಗೆ ಗೊತ್ತು? ಮೊದಲ ಮನೆಯಲ್ಲಿ ಬಾಡಿಗೆ ರೂಟರೇ ಸಾಕು.

ಟಿವಿ: ನೋಡದಿದ್ದರೂ ಕಟ್ಟುವುದು

ವಿಳಾಸ ನೋಂದಾಯಿಸಿದ ಕೆಲವು ವಾರಗಳಲ್ಲಿ ಒಂದು ಕಾಗದ ಬರುತ್ತದೆ. ರುಂಡ್‌ಫುಂಕ್‌ಬೈಟ್ರಾಗ್ ಅಂತ ಅದರ ಹೆಸರು, ಎಆರ್‌ಡಿ, ಜೆಡ್‌ಡಿಎಫ್, ಡಾಯ್ಚ್‌ಲಾಂಡ್‌ರೇಡಿಯೊ ಎಂಬ ಸಾರ್ವಜನಿಕ ವಾಹಿನಿಗಳಿಗೆ ಕೊಡುವ ಶುಲ್ಕ. ಇದು ಮೋಸದ ಕಾಗದ ಅಂತ ಹರಿದು ಹಾಕುವವರಿದ್ದಾರೆ. ಹಾಗೆ ಮಾಡಬೇಡಿ, ಬಾಕಿ ಬೆಳೆಯುತ್ತಾ ಹೋಗುತ್ತದೆ. 2013ರಿಂದ ಇದು ಟಿವಿಗಲ್ಲ, ಮನೆಗೆ ಲೆಕ್ಕ. ಟಿವಿಯೇ ಇಲ್ಲದಿದ್ದರೂ ಕಟ್ಟಬೇಕು. 2021ರ ಆಗಸ್ಟ್‌ನಲ್ಲಿ ನಿಗದಿಯಾದ ದರ ತಿಂಗಳಿಗೆ 18.36 ಯೂರೊ, ಮೂರು ತಿಂಗಳಿಗೊಮ್ಮೆ 55.08. ಮನೆಯಲ್ಲಿ ಎಷ್ಟು ಜನ ಇದ್ದರೂ ಒಂದೇ ಶುಲ್ಕ. ಗೆಳೆಯರು ಸೇರಿ ಬಾಡಿಗೆ ಹಿಡಿದಿದ್ದರೆ ಒಬ್ಬರು ಕಟ್ಟಿ, ಉಳಿದವರು ತಮಗೆ ಬಂದ ಕಾಗದಕ್ಕೆ ಅವರ ಶುಲ್ಕದ ನಂಬರ್ ಬರೆದು ಕಳಿಸಿದರೆ ಆಯಿತು.

ಹೇಗಿದ್ದರೂ ಕಟ್ಟುತ್ತೀರಲ್ಲ, ಅದನ್ನು ಬಳಸಿಕೊಳ್ಳಿ. ಎಆರ್‌ಡಿ, ಜೆಡ್‌ಡಿಎಫ್ ಎರಡಕ್ಕೂ ಉಚಿತ ಆ್ಯಪ್ ಇದೆ, ಲೈವ್ ಕೂಡ ನೋಡಬಹುದು. ಮಕ್ಕಳ ಚಾನೆಲ್ ಕೀಕಾದಲ್ಲಿ ಜಾಹೀರಾತು ಇಲ್ಲ. ಮಕ್ಕಳು ಜರ್ಮನ್ ಕಲಿಯಲು ಇದಕ್ಕಿಂತ ಅಗ್ಗದ ಟ್ಯೂಷನ್ ಸಿಗುವುದಿಲ್ಲ.

ಖಾಸಗಿ ಜರ್ಮನ್ ಚಾನೆಲ್‌ಗಳು ಬೇಕೆಂದರೆ ದಾರಿಗಳು ಹಲವು. ವೈಪು, ಜಟ್ಟೂ ಥರದ ಆ್ಯಪ್‌ಗಳಲ್ಲಿ ತಿಂಗಳ ಲೆಕ್ಕದಲ್ಲಿ ಸಿಗುತ್ತವೆ, ಬೇಡವಾದಾಗ ನಿಲ್ಲಿಸಬಹುದು. ಆ್ಯಂಟೆನಾದಲ್ಲಿ ಸಾರ್ವಜನಿಕ ಚಾನೆಲ್ ಉಚಿತ, ಹೆಚ್ಚಿನ ಖಾಸಗಿ ಚಾನೆಲ್‌ಗೆ ದುಡ್ಡು. ಕೇಬಲ್ ಟಿವಿಯ ಕತೆ 2024ರ ಜುಲೈ 1ರಿಂದ ಬದಲಾಗಿದೆ. ಅದಕ್ಕೂ ಮುಂಚೆ ಎಷ್ಟೋ ಓನರ್‌ಗಳು ಕೇಬಲ್ ಖರ್ಚನ್ನು ಬಾಡಿಗೆಯ ಜೊತೆಗಿನ ಇತರ ಖರ್ಚಿನಲ್ಲಿ ಸೇರಿಸುತ್ತಿದ್ದರು, ನೋಡಿದರೂ ಇಲ್ಲದಿದ್ದರೂ ಕಟ್ಟಬೇಕಿತ್ತು. ಈಗ ಹಾಗೆ ಸೇರಿಸುವಂತಿಲ್ಲ. ಬಾಡಿಗೆ ಪತ್ರದಲ್ಲಿ ಇನ್ನೂ ಆ ಸಾಲು ಕಂಡರೆ ಕೇಳಿ. "ಹೊಸ ಕಾಂಟ್ರಾಕ್ಟ್ ಮಾಡದಿದ್ದರೆ ಟಿವಿ ಬಂದ್" ಅಂತ ಯಾರಾದರೂ ಬಾಗಿಲು ತಟ್ಟಿದರೆ ನಕ್ಕು ಕಳಿಸಿ, ನಿಲ್ಲುವುದು ಕೇಬಲ್ ಟಿವಿ ಮಾತ್ರ, ಬೇರೆ ದಾರಿಗಳು ಇದ್ದೇ ಇವೆ.

ಇಂಟರ್ನೆಟ್ ಜೊತೆ ಟಿವಿ ಸೇರಿಸಿ ಕೊಡುವ ಪ್ಯಾಕೇಜ್ ತೆಗೆದುಕೊಳ್ಳಬೇಕೆ? ಮೊದಲ ಮನೆಯಲ್ಲಿ ಬೇಡ. ಆ್ಯಪ್ ಆದರೆ ನಿಮ್ಮ ಜೊತೆ ಮನೆಯಿಂದ ಮನೆಗೆ ಬರುತ್ತದೆ. ಪ್ಯಾಕೇಜ್ ಆದರೆ 24 ತಿಂಗಳಿಗೆ ಇನ್ನೊಂದು ಗಂಟು.

ಕನ್ನಡ ಚಾನೆಲ್‌ಗಳು

ನಿಜವಾಗಿ ಮನೆಯಲ್ಲಿ ಜಗಳವಾಗುವುದು ಇದಕ್ಕೇ, ಅಲ್ವಾ? ಅತ್ತೆ ಮಾವ ಬಂದಾಗ ಸೀರಿಯಲ್ ಬೇಕು. ಇಲ್ಲಿನ ಯಾವ ಕಂಪನಿಯ ಟಿವಿ ಪ್ಯಾಕನ್ನೂ ಕನ್ನಡಕ್ಕಾಗಿ ಕೊಳ್ಳಬೇಡಿ, ಇದಕ್ಕೆ ಆ್ಯಪ್‌ಗಳೇ ಸರಿ. ಜೀ ಕನ್ನಡದ್ದು ಜೀ5ನಲ್ಲಿ, ಉದಯದ್ದು ಸನ್ ನೆಕ್ಸ್ಟ್‌ನಲ್ಲಿ, ಕಲರ್ಸ್ ಕನ್ನಡದ್ದು ಜಿಯೋಹಾಟ್‌ಸ್ಟಾರ್‌ನಲ್ಲಿ ಇರುತ್ತದೆ. ಹೊರದೇಶದ ಭಾರತೀಯರಿಗೆ ಭಾಷೆಯ ಪ್ರಕಾರ ಲೈವ್ ಚಾನೆಲ್ ಮಾರುವ ಯಪ್‌ಟಿವಿಯೂ ಇದೆ. ಪ್ರಸಾರದ ಹಕ್ಕು ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದ ತಂಗಿಯ ಮನೆಯಲ್ಲಿ ಬರುವುದು ಇಲ್ಲಿ ಬರಬೇಕೆಂದಿಲ್ಲ. ಊರಲ್ಲಿ ವರ್ಷಕ್ಕೆ ಕಟ್ಟಿ ಬಂದ ಸಬ್‌ಸ್ಕ್ರಿಪ್ಷನ್ ಇಲ್ಲಿ ತೆರೆಯದಿರಬಹುದು. ಆದ್ದರಿಂದ ಇಲ್ಲಿಗೆ ಬಂದ ಮೇಲೆ, ಇಲ್ಲಿನ ಇಂಟರ್ನೆಟ್ಟಿನಲ್ಲೇ ಆ್ಯಪ್ ತೆರೆದು ನಿಮಗೆ ಬೇಕಾದ ಕಾರ್ಯಕ್ರಮ ಕಾಣುತ್ತದೆಯೇ ನೋಡಿ. ಮೊದಲು ಒಂದು ತಿಂಗಳಿಗೆ ಮಾತ್ರ ಕಟ್ಟಿ.

ಲೈವ್ ಚಾನೆಲ್‌ಗೆ ಜಾಸ್ತಿ ಕೊಡುವ ಮುಂಚೆ ಗಡಿಯಾರ ನೋಡಿ. ಭಾರತ ಬೇಸಿಗೆಯಲ್ಲಿ ಮೂರೂವರೆ ಗಂಟೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಮುಂದಿದೆ. ರಾತ್ರಿ ಎಂಟರ ಸೀರಿಯಲ್ ಇಲ್ಲಿ ಚಳಿಗಾಲದಲ್ಲಿ ಮಧ್ಯಾಹ್ನ ಮೂರೂವರೆಗೇ ಬರುತ್ತದೆ. ಕೆಲಸಕ್ಕೆ ಹೋಗುವವರಿಗೆ ಲೈವ್‌ಗಿಂತ ಆಮೇಲೆ ನೋಡುವ ಸೌಲಭ್ಯವೇ ಮುಖ್ಯ. ಲೈವ್ ಬೇಕಾಗುವುದು ಅತ್ತೆಯವರಿಗೆ ಮತ್ತು ಕ್ರಿಕೆಟ್ಟಿಗೆ. ಕ್ರಿಕೆಟ್ ಹಕ್ಕುಗಳಂತೂ ಟೂರ್ನಿಯಿಂದ ಟೂರ್ನಿಗೆ ಕೈ ಬದಲಾಗುತ್ತವೆ, ವರ್ಷದ ಚಂದಾ ಕಟ್ಟಿ ಕೂರಬೇಡಿ.

ಬಾಲ್ಕನಿಗೆ ಡಿಶ್ ಹಾಕಿಸುತ್ತೇನೆ ಅನ್ನುವವರು ಓನರ್ ಒಪ್ಪಿಗೆ ಪಡೆಯಲೇಬೇಕು. ತಾಯ್ನುಡಿಯ ಸುದ್ದಿ ಪಡೆಯುವ ವಿದೇಶಿ ಬಾಡಿಗೆದಾರರ ಹಕ್ಕನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಅಂತ ಜರ್ಮನಿಯ ಸಂವಿಧಾನ ನ್ಯಾಯಾಲಯ 1994ರಲ್ಲಿ ತುರ್ಕಿ ಬಾಡಿಗೆದಾರರೊಬ್ಬರ ಪ್ರಕರಣದಲ್ಲಿ ಹೇಳಿತ್ತು. ಆದರೆ ಆಗ ಇಂಟರ್ನೆಟ್ಟಿನಲ್ಲಿ ಟಿವಿ ಇರಲಿಲ್ಲ. ಈಗ ಬೇರೆ ದಾರಿ ಇರುವಾಗ ಆ ವಾದ ಗೆಲ್ಲುವುದು ಕಷ್ಟ.

"ಎಲ್ಲ ಇಂಡಿಯನ್ ಚಾನೆಲ್ ಒಂದೇ ಪೆಟ್ಟಿಗೆಯಲ್ಲಿ, ವರ್ಷಕ್ಕೆ ಇಷ್ಟೇ" ಎನ್ನುವ ಡಬ್ಬಿಗಳನ್ನು ಮುಟ್ಟಬೇಡಿ. ಕದ್ದ ಪ್ರಸಾರಕ್ಕೆಂದೇ ಮಾರುವ ಇಂಥ ಪೆಟ್ಟಿಗೆಗಳಿಂದ ನೋಡುವುದೂ ಕಾನೂನಿಗೆ ವಿರುದ್ಧ ಅಂತ ಯುರೋಪಿನ ನ್ಯಾಯಾಲಯ 2017ರಲ್ಲೇ ಹೇಳಿದೆ. ಟೊರೆಂಟ್ ಇನ್ನೂ ದುಬಾರಿ. ಸಿನಿಮಾ ಡೌನ್‌ಲೋಡ್ ಮಾಡಿದರೆ ಯಾರ ಹೆಸರಿನಲ್ಲಿ ಕನೆಕ್ಷನ್ ಇದೆಯೋ ಅವರ ಮನೆಗೆ ವಕೀಲರ ನೋಟಿಸ್ ಬರುತ್ತದೆ, ನೂರಾರು ಯೂರೊ ಕೇಳುತ್ತಾರೆ. ಮನೆಗೆ ಬರುವ ನೆಂಟರಿಗೆ ವೈಫೈ ಪಾಸ್‌ವರ್ಡ್ ಕೊಡುವಾಗಲೇ ಇದನ್ನು ಹೇಳಿಬಿಡಿ.

ಹೊರಡುವಾಗ

2022ರ ಜುಲೈನಿಂದ ಕಂಪನಿಗಳ ವೆಬ್‌ಸೈಟಿನಲ್ಲಿ ಕಾಂಟ್ರಾಕ್ಟ್ ಬಿಡುವ ಬಟನ್ ಇರಲೇಬೇಕು. ಪುಟದ ತೀರಾ ಕೆಳಗೆ, ಚಿಕ್ಕ ಅಕ್ಷರದಲ್ಲಿ ಹುಡುಕಿ. ಒತ್ತಿದ ಕೂಡಲೇ ಬರುವ ಇಮೇಲ್ ಉಳಿಸಿಕೊಳ್ಳಿ. ಜರ್ಮನಿಯನ್ನೇ ಬಿಡುವುದಾದರೆ ನೀವು ಇಲ್ಲಿ ವಿಳಾಸ ನೋಂದಾಯಿಸಿದ ಕಚೇರಿಯಲ್ಲಿ ಅದನ್ನು ರದ್ದು ಮಾಡಿಸಿದ ಪತ್ರದ ಪ್ರತಿಯನ್ನು ಕಂಪನಿಗೆ ಕಳಿಸಿ. ವಿಳಾಸ ರದ್ದಾದ ಮಾತ್ರಕ್ಕೆ ಇಂಟರ್ನೆಟ್ ಕಾಂಟ್ರಾಕ್ಟ್ ರದ್ದಾಗುವುದಿಲ್ಲ. ರುಂಡ್‌ಫುಂಕ್‌ಬೈಟ್ರಾಗ್ ಕೂಡ ಬೇರೆಯಾಗಿಯೇ ರದ್ದು ಮಾಡಿಸಬೇಕು. ಬ್ಯಾಂಕ್ ಖಾತೆಯನ್ನು ಕೊನೆಯ ಬಿಲ್ ಬರುವವರೆಗೆ ಮುಚ್ಚಬೇಡಿ. ಬಾಡಿಗೆ ರೂಟರನ್ನು ಅದರ ಅಡಾಪ್ಟರ್ ಸಮೇತ ಪಾರ್ಸಲ್ ಮಾಡಿ, ರಸೀದಿಯ ಫೋಟೋ ಇಟ್ಟುಕೊಳ್ಳಿ. ಅಡಾಪ್ಟರ್ ಬರಲಿಲ್ಲ ಅಂತ ಆಮೇಲೆ ಬಿಲ್ ಕಳಿಸುವುದುಂಟು.